ಘನಮೂಲದ ನಕ್ಷೆ ಕೇಳಿದರೆ ಅಡ್ಡಗೆರೆ ಬರುತ್ತಿದೆ, ಯಾಕೆ?

ಪೆರ್ಲದ ಟೀಚರ್

ಎಲ್ಲರಿಗೂ ನಮಸ್ಕಾರ. ಪ್ಲಸ್ ವನ್ (ಹನ್ನೊಂದನೆಯ ತರಗತಿ) ಮಕ್ಕಳಿಗೆ ಫಲನಗಳ (ಫಂಕ್ಷನ್) ಪಾಠ ಮಾಡುತ್ತಿದ್ದೇನೆ. ಹತ್ತನೆಯವರೆಗೆ ಕನ್ನಡದಲ್ಲಿ ಗಣಿತ ಕಲಿತು ಬಂದ ಮಕ್ಕಳು ಇವರು. ಇಂಗ್ಲಿಷ್ ಪುಸ್ತಕ ಕೈಗೆ ಬಂದ ದಿನದಿಂದ ತರಗತಿಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಾರೆ. ಗೊತ್ತಿದ್ದ ಮಕ್ಕಳೂ ತಲೆ ತಗ್ಗಿಸಿ ಕುಳಿತುಕೊಳ್ಳುತ್ತಾರೆ. ಚಿತ್ರವಾದರೆ ಭಾಷೆ ಅಡ್ಡ ಬರುವುದಿಲ್ಲವಲ್ಲ ಎಂದು ವರ್ಗ, ಘನ, ವರ್ಗಮೂಲ, ಘನಮೂಲ ಈ ನಾಲ್ಕರ ನಕ್ಷೆಯನ್ನೂ ಕನ್ನಡ ಶೀರ್ಷಿಕೆಯೊಂದಿಗೆ ಒಂದೇ ಹಾಳೆಯಲ್ಲಿ ಮುದ್ರಿಸಿ ಕೊಡಲು ಹೊರಟೆ. ಲ್ಯಾಬಿನ ಲಿನಕ್ಸ್ ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಗ್ನುಪ್ಲಾಟ್ ತಂತ್ರಾಂಶ ಹಾಕಿಕೊಂಡಿದ್ದೇನೆ. ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಈ ಮಳೆಗಾಲದಲ್ಲಿ ಅದೇ ಮುಖ್ಯ.

ವರ್ಗ ಸರಿಯಾಗಿ ಬಂತು, ಘನವೂ ಬಂತು. ಘನಮೂಲಕ್ಕೆ ಪ್ಲಾಟ್ ಎಕ್ಸ್**(1/3) ಎಂದು (ಎರಡು ನಕ್ಷತ್ರ ಎಂದರೆ ಘಾತ) ಕೊಟ್ಟರೆ ಬಂದದ್ದು ಒಂದು ಅಡ್ಡಗೆರೆ. ಈ ಗೋಡೆಯಿಂದ ಆ ಗೋಡೆಗೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ ಹಾಗೆ! 8ರ ಘನಮೂಲ 2, 27ರದ್ದು 3 ಎಂದು ಕೈಯಲ್ಲಿ ಬರೆದು ನೋಡಿದೆ. ಗೆರೆ ಎಲ್ಲಿಯೂ ಏರುವುದಿಲ್ಲ, ಇಳಿಯುವುದಿಲ್ಲ. ಎರಡು ಸಂಜೆ ಇದಕ್ಕೇ ಹೋಯಿತು. ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.

(ಮೊಬೈಲಿನಿಂದ ಬರೆಯುತ್ತಿದ್ದೇನೆ. ಕೀಲಿಮಣೆ ಬದಲಾಯಿಸುವ ತೊಂದರೆ ಬೇಡವೆಂದು ಆಜ್ಞೆಗಳನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ.)

ಉಪ್ಪಳ ನಿಲ್ದಾಣ

ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶ ಇದೆಯಲ್ಲ ಟೀಚರ್? ಕೇರಳ ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆಯಾದ ಕೈಟ್‌ನವರ ಕಂಪ್ಯೂಟರಿನಲ್ಲಿ ಮೊದಲೇ ಹಾಕಿ ಕೊಟ್ಟಿರುತ್ತಾರೆ.

ಕುಂಬಳೆ ಕಡಲು

ಬೇರೆ ತಂತ್ರಾಂಶಕ್ಕೆ ಹಾರುವ ಮೊದಲು ಇದರ ಕಾರಣ ಹುಡುಕೋಣ. ಟೀಚರೇ, ಎರಡು ವಿಷಯ ನೋಡಿ ಹೇಳಿ. ಗೆರೆ ವೈ ಅಕ್ಷದಲ್ಲಿ ಎಷ್ಟರ ಮೇಲೆ ನಿಂತಿದೆ? ಆಜ್ಞೆ ಕೊಟ್ಟ ಕಿಟಕಿಯಲ್ಲಿ ಏನಾದರೂ ಎಚ್ಚರಿಕೆ ಬಂದಿದೆಯೇ?

ಪೆರ್ಲದ ಟೀಚರ್

ಸರಿಯಾಗಿ 1ರ ಮೇಲೆ. ಎಚ್ಚರಿಕೆ ಇತ್ತು, ನಾನೇ ಗಮನ ಕೊಟ್ಟಿರಲಿಲ್ಲ. ವೈ ವ್ಯಾಪ್ತಿ ಖಾಲಿಯಾಗಿದೆ, 0.99ರಿಂದ 1.01ಕ್ಕೆ ಹೊಂದಿಸುತ್ತಿದ್ದೇನೆ ಎಂಬ ಅರ್ಥದ ಸಾಲು.

ಕುಂಬಳೆ ಕಡಲು

ಹಾಗಾದರೆ ಕಳ್ಳ ಸಿಕ್ಕಿದ. ಗ್ನುಪ್ಲಾಟ್‌ನಲ್ಲಿ 1/3 ಎಂದರೆ ಮೂರನೆಯ ಒಂದು ಭಾಗವಲ್ಲ, ಸೊನ್ನೆ. ಎರಡೂ ಪೂರ್ಣಾಂಕಗಳಾಗಿದ್ದರೆ ಅದು ಪೂರ್ಣಾಂಕ ಭಾಗಾಕಾರವನ್ನೇ ಮಾಡುತ್ತದೆ, ಭಾಗಲಬ್ಧವನ್ನು ಇಟ್ಟುಕೊಂಡು ಶೇಷವನ್ನು ಬಿಡುತ್ತದೆ. 1ನ್ನು 3ರಿಂದ ಭಾಗಿಸಿದರೆ ಭಾಗಲಬ್ಧ 0, ಶೇಷ 1. ನೀವು ಕೇಳಿದ್ದು ಘನಮೂಲ, ಅದಕ್ಕೆ ಕೇಳಿಸಿದ್ದು ಎಕ್ಸ್‌ನ ಘಾತ ಸೊನ್ನೆ. ಯಾವ ಸಂಖ್ಯೆಯ ಘಾತ ಸೊನ್ನೆಯಾದರೂ ಅದಕ್ಕೆ 1. ಆದ್ದರಿಂದಲೇ 1ರ ಮೇಲೆ ಹಗ್ಗ ಕಟ್ಟಿದೆ.

1ರ ಪಕ್ಕ ಒಂದು ಚುಕ್ಕಿ ಇಡಿ: ಎಕ್ಸ್**(1./3). ಚುಕ್ಕಿ ಕಂಡರೆ ದಶಮಾಂಶ ಸಂಖ್ಯೆ ಎಂದು ತಿಳಿದು ಪೂರಾ ಭಾಗಿಸುತ್ತದೆ.

ಮುಳ್ಳೇರಿಯದ ಮಾಸ್ಟ್ರು

ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತನಾದವನು ನಾನು. 1/3 ಭಿನ್ನರಾಶಿ. ಮೂರನೆಯ ತರಗತಿಯ ಮಗುವೂ ಅದು ಸೊನ್ನೆ ಎಂದು ಹೇಳುವುದಿಲ್ಲ. ಹೀಗೆ ಮಾಡುವ ತಂತ್ರಾಂಶವನ್ನು ಗಣಿತದ ತಂತ್ರಾಂಶ ಎಂದು ಹೇಗೆ ಕರೆಯುವುದು? ತಪ್ಪು ತಪ್ಪೇ. ಅದಕ್ಕೆ ಕಾರಣ ಕಟ್ಟಿ ಸಮರ್ಥಿಸಬೇಡಿ.

ಕುಂಬಳೆ ಕಡಲು

ಸಮರ್ಥನೆಯಲ್ಲ ಮಾಸ್ಟ್ರೇ, ಅದರ ನಡವಳಿಕೆ ಹೇಳುತ್ತಿದ್ದೇನೆ. ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಿಂದ ಬಂದ ಪದ್ಧತಿ ಇದು. ಮೂವರು ಮಕ್ಕಳಿಗೆ ಒಂದು ಅಡಿಕೆ ಹಂಚಬೇಕು, ಅಡಿಕೆ ಒಡೆಯಬಾರದು ಎಂದರೆ ತಲೆಗೆ ಎಷ್ಟು ಬರುತ್ತದೆ? ಸೊನ್ನೆ. ಒಂದು ಅಡಿಕೆ ಹಾಗೆಯೇ ಉಳಿಯುತ್ತದೆ. ಪೂರ್ಣಾಂಕಗಳ ಲೋಕದಲ್ಲಿ ಅದು ಸರಿಯಾದ ಲೆಕ್ಕವೇ. ಕತ್ತರಿ ಕೊಡದೆ ಹೋಳು ಕೇಳಿದೆವು, ಅಷ್ಟೇ.

ನಿಮ್ಮ ಸಿಟ್ಟು ಬಹಳ ಜನರಿಗೆ ಬಂದಿತ್ತು ಎಂಬುದೂ ನಿಜ. ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನ 2ನೆಯ ಆವೃತ್ತಿಯಲ್ಲೂ 1/3 ಸೊನ್ನೆಯೇ ಆಗಿತ್ತು. 2008ರಲ್ಲಿ 3ನೆಯ ಆವೃತ್ತಿ ಬಂದಾಗ ಅದನ್ನು ಬದಲಾಯಿಸಿದರು. ಈಗ ಅಲ್ಲಿ ಒಂದು ಓರೆಗೆರೆ ಹಾಕಿದರೆ 0.333 ಬರುತ್ತದೆ, ಬರೀ ಭಾಗಲಬ್ಧ ಬೇಕಿದ್ದವರು ಎರಡು ಓರೆಗೆರೆ ಹಾಕಬೇಕು. ಗ್ನುಪ್ಲಾಟ್ 1986ರಷ್ಟು ಹಳೆಯದು, ಹಳೆಯ ಪದ್ಧತಿಯನ್ನೇ ಇಟ್ಟುಕೊಂಡಿದೆ.

ಉಪ್ಪಳ ನಿಲ್ದಾಣ

ಗ್ನುಪ್ಲಾಟ್ ಎಂದರೆ ಸ್ವತಂತ್ರ ತಂತ್ರಾಂಶದ ಗ್ನು ಯೋಜನೆಯವರದ್ದಲ್ಲವೇ?

ಕುಂಬಳೆ ಕಡಲು

ಅಲ್ಲ. ಹೆಸರು ಮಾತ್ರ ಹಾಗಿದೆ, ಆ ಯೋಜನೆಗೂ ಇದಕ್ಕೂ ಸಂಬಂಧವಿಲ್ಲ.

ಪೆರ್ಲದ ಟೀಚರ್

ಚುಕ್ಕಿ ಇಟ್ಟೆ. ಗೆರೆ ಬಾಗಿತು, 8ರಲ್ಲಿ 2 ಸಿಕ್ಕಿತು, ಬಹಳ ಸಂತೋಷವಾಯಿತು. ಆದರೆ ಎಡಭಾಗ ಎಲ್ಲಿ? ಸೊನ್ನೆಯಿಂದ ಬಲಕ್ಕೆ ಮಾತ್ರ ಇದೆ, ಎಡಕ್ಕೆ ಹಾಳೆ ಖಾಲಿ. −8ರ ಘನಮೂಲ −2 ಎಂದು ನಾನೇ ನಿನ್ನೆ ಬೋರ್ಡಿನ ಮೇಲೆ ಬರೆದಿದ್ದೇನೆ. ಈ ಹಾಳೆ ಕೊಟ್ಟರೆ ಮಕ್ಕಳು ನನ್ನನ್ನೇ ಕೇಳುವುದಿಲ್ಲವೇ?

ಮುಳ್ಳೇರಿಯದ ಮಾಸ್ಟ್ರು

ನೋಡಿ, ನಾನು ಹೇಳಿದ್ದೇನು? ವರ್ಗಮೂಲಕ್ಕೆ ಎಡಭಾಗವಿಲ್ಲ, ಒಪ್ಪುತ್ತೇನೆ. ಘನಮೂಲಕ್ಕೆ ಇದೆ. (−2)×(−2)×(−2) = −8. ಇದರಲ್ಲಿ ಚರ್ಚೆಗೆ ಏನು ಉಳಿದಿದೆ?

ತಾಳವಾಡಿಯ ವಿದ್ಯಾರ್ಥಿನಿ

ಬಿಎಸ್ಸಿ ಎರಡನೆಯ ವರ್ಷದಲ್ಲಿದ್ದೇನೆ, ನನಗೂ ಲ್ಯಾಬಿನಲ್ಲಿ ಇದೇ ಆಗಿತ್ತು. ಗಣಿತದ ಬೇರೆ ತಂತ್ರಾಂಶಗಳೂ ಹೀಗೆಯೇ. ಸೇಜ್‌ಮ್ಯಾಥ್‌ನಲ್ಲಿಯೂ ಅರ್ಧ ನಕ್ಷೆಯೇ ಬರುತ್ತದೆ. ಆಕ್ಟೇವ್‌ನಲ್ಲಿ (−8)ರ ಘಾತ 1/3 ಎಂದು ಕೊಟ್ಟರೆ −2 ಬರುವುದಿಲ್ಲ, 1 + 1.7321 ಐ ಬರುತ್ತದೆ (ಐ ಎಂದರೆ −1ರ ವರ್ಗಮೂಲ). ಪೈಥಾನ್ 3ರಲ್ಲೂ ಹಾಗೆಯೇ.

ಸರ್, ಅದೂ ತಪ್ಪಲ್ಲ. −8ಕ್ಕೆ ಮೂರು ಘನಮೂಲಗಳಿವೆ. ಒಂದು −2. ಉಳಿದ ಎರಡು ಸಂಕೀರ್ಣ ಸಂಖ್ಯೆಗಳು, 1 + √3 ಐ ಮತ್ತು 1 − √3 ಐ. 1 + √3 ಐಯನ್ನು ಮೂರು ಸಲ ಗುಣಿಸಿ ನೋಡಿ, −8 ಬರುತ್ತದೆ. ತಂತ್ರಾಂಶಗಳು ಘಾತವನ್ನು ಲಾಗರಿದಮ್ ಮೂಲಕ ವ್ಯಾಖ್ಯಾನಿಸಿ ಈ ಮೂರರಲ್ಲಿ ಪ್ರಧಾನ ಮೂಲ ಎನ್ನುವುದನ್ನು ಆರಿಸುತ್ತವೆ. ನಕ್ಷೆಯ ಹಾಳೆಯಲ್ಲಿ ಸಂಕೀರ್ಣ ಸಂಖ್ಯೆಗೆ ಜಾಗವಿಲ್ಲ, ಆದ್ದರಿಂದ ಎಡಭಾಗ ಖಾಲಿ.

ಮುಳ್ಳೇರಿಯದ ಮಾಸ್ಟ್ರು

ಲೆಕ್ಕ ಮಾಡಿ ನೋಡಿದೆ ಮಗಳೇ, ಸರಿಯಿದೆ. ಆದರೂ ನನ್ನ ಆಕ್ಷೇಪ ಉಳಿದೇ ಇದೆ. ಟೀಚರ್ ವಾಸ್ತವ ಸಂಖ್ಯೆಗಳ ಪಾಠ ಮಾಡುತ್ತಿದ್ದಾರೆ. ವಾಸ್ತವದಲ್ಲಿ ಒಂದು ಉತ್ತರ ಇದ್ದಾಗ ಅದನ್ನು ಬಿಟ್ಟು ಸಂಕೀರ್ಣಕ್ಕೆ ಯಾಕೆ ಹೋಗಬೇಕು? ಘಾತದ ಛೇದ 3, ಬೆಸಸಂಖ್ಯೆ. ಛೇದ ಬೆಸವಾದರೆ ಋಣ ಸಂಖ್ಯೆಗೂ ವಾಸ್ತವ ಮೂಲ ಇದೆ ಎಂಬುದು ನಿಯಮ. ಅಷ್ಟನ್ನು ನೋಡುವುದಕ್ಕೆ ಯಂತ್ರಕ್ಕೆ ಏನು ಕಷ್ಟ?

ಕುಂಬಳೆ ಕಡಲು

ಮಾಸ್ಟ್ರೇ, ಇದು ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ನನಗೆ ಬಹಳ ಇಷ್ಟವಾದದ್ದು, ಸ್ವಲ್ಪ ಉದ್ದವಾದರೂ ಓದಿ.

1./3 ಎಂದು ಬರೆದ ಕೂಡಲೇ ಯಂತ್ರ ಭಾಗಿಸಿ ಮುಗಿಸುತ್ತದೆ. ಅದರ ಕೈಯಲ್ಲಿ ಆಮೇಲೆ 1 ಇಲ್ಲ, 3 ಇಲ್ಲ, ಒಂದು ದಶಮಾಂಶ ಮಾತ್ರ ಇದೆ. ಅದು ಕೂಡ ನಿಜವಾದ ಮೂರನೆಯ ಒಂದಲ್ಲ. ಯಂತ್ರ ದ್ವಿಮಾನದಲ್ಲಿ 53 ಅಂಕೆಗಳಷ್ಟು ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಮೂರನೆಯ ಒಂದಕ್ಕೆ ಅದು ಇಟ್ಟುಕೊಳ್ಳುವ ಸಂಖ್ಯೆ ಭಿನ್ನರಾಶಿಯಾಗಿ ಇಷ್ಟು:

6004799503160661 ಭಾಗಿಸು 18014398509481984

ಕೆಳಗಿನದು 2ರ ಘಾತ 54. ಈಗ ನಿಮ್ಮ ನಿಯಮವನ್ನೇ ಅನ್ವಯಿಸಿ. ಛೇದ ಸಮಸಂಖ್ಯೆ, ಅಂಶ ಬೆಸ. ಹಾಗಿದ್ದರೆ ಋಣ ಸಂಖ್ಯೆಗೆ ವಾಸ್ತವ ಮೂಲ ಇಲ್ಲ! ನಿಮ್ಮ ನಿಯಮವನ್ನು ಯಂತ್ರ ಮುರಿದಿಲ್ಲ, ಅದಕ್ಕೆ ಸಿಕ್ಕಿದ ಸಂಖ್ಯೆಗೆ ಆ ನಿಯಮವೇ ಬೇರೆ ಉತ್ತರ ಕೊಡುತ್ತದೆ.

ಮುಳ್ಳೇರಿಯದ ಮಾಸ್ಟ್ರು

ಮೇಲಿನ ಸಂಖ್ಯೆಯನ್ನು 3ರಿಂದ ಗುಣಿಸಿದೆ. 18014398509481983 ಬಂತು. ಕೆಳಗಿನದಕ್ಕಿಂತ ಒಂದೇ ಒಂದು ಕಡಿಮೆ.

ಇದು ನನಗೆ ತಿಳಿದಿರಲಿಲ್ಲ. ಪಾಠ ಮಾಡುತ್ತಿದ್ದ ದಿನಗಳಲ್ಲಿ ತಿಳಿದಿದ್ದರೆ ಒಂದು ಇಡೀ ಪೀರಿಯಡ್ ಇದಕ್ಕೇ ಕೊಡುತ್ತಿದ್ದೆ.

ಪೆರ್ಲದ ಟೀಚರ್

ನಾಳೆಯೇ ಹೇಳುತ್ತೇನೆ ಮಕ್ಕಳಿಗೆ. ಆದರೆ ಎಡಭಾಗ ತರಿಸುವುದು ಹೇಗೆ ಎಂದು ಇನ್ನೂ ಯಾರೂ ಹೇಳಿಲ್ಲ!

ತಾಳವಾಡಿಯ ವಿದ್ಯಾರ್ಥಿನಿ

ಕ್ಷಮಿಸಿ ಟೀಚರ್. ಗ್ನುಪ್ಲಾಟ್‌ನಲ್ಲಿ ಚಿಹ್ನೆಯನ್ನೂ ಬೆಲೆಯನ್ನೂ ಬೇರೆ ಮಾಡಿ: ಎಸ್‌ಜಿಎನ್(ಎಕ್ಸ್)*ಎಬಿಎಸ್(ಎಕ್ಸ್)**(1./3). ಋಣ ಚಿಹ್ನೆಯನ್ನು ಹೊರಗೆ ತೆಗೆದಿಟ್ಟು, ಧನ ಸಂಖ್ಯೆಗೆ ಮೂಲ ತೆಗೆದು, ಮತ್ತೆ ಚಿಹ್ನೆ ಹಚ್ಚಿದಂತೆ. ಪೈಥಾನ್ ಬಳಸುವವರಿಗೆ ಅದರ ಗಣಿತದ ಲೈಬ್ರರಿಯಾದ ನಂಪೈಯಲ್ಲಿ ಸಿಬಿಆರ್‌ಟಿ ಎಂಬ ಘನಮೂಲದ ಆಜ್ಞೆಯೇ ಇದೆ. ಆಕ್ಟೇವ್‌ನಲ್ಲಿ ಎನ್‌ತ್‌ರೂಟ್. ಜಿಯೋಜೀಬ್ರಾದಲ್ಲೂ ಸಿಬಿಆರ್‌ಟಿ.

ಜತ್ತ ಸೀಮೆ

ನಾವು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನವರು. ಮಗಳು ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೆಯಲ್ಲಿದ್ದಾಳೆ. ಗಡಿಯ ಆ ತುದಿಯಲ್ಲೂ ಇಂಥ ಚರ್ಚೆ ಕನ್ನಡದಲ್ಲಿ ನಡೆಯುತ್ತಿದೆ ಎಂದು ಕಂಡು ಮನಸ್ಸು ತುಂಬಿತು. ನನ್ನದೂ ಒಂದು ಪ್ರಶ್ನೆ ಇದೆ, ಇಲ್ಲೇ ಕೇಳಬಹುದೇ?

ಕೋಷ್ಟಕ ತಂತ್ರಾಂಶವಾದ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಮಗಳಿಗೆ ಋಣ ಎಕ್ಸ್ ವರ್ಗದ ಪರವಲಯ ತೋರಿಸಲು ಹೋದೆ. ಮೊದಲ ಕಂಬದಲ್ಲಿ −5ರಿಂದ 5, ಎರಡನೆಯದರಲ್ಲಿ =-ಎ2^2. ಬಾಯಿ ಕೆಳಗಾಗಿ ಕವುಚಿ ಬರಬೇಕಾದ ಪರವಲಯ ಬಟ್ಟಲಿನಂತೆ ಮೇಲ್ಮುಖವಾಗಿ ಬಂತು. ಮಗಳು, 'ಅಪ್ಪಾ, ಪುಸ್ತಕದಲ್ಲಿ ತಲೆಕೆಳಗಾಗಿ ಅಚ್ಚಾಗಿದೆಯೇ?' ಎಂದು ಕೇಳಿದಳು.

ಕುಂಬಳೆ ಕಡಲು

ಪುಸ್ತಕ ಸರಿ ಇದೆ, ಮಗಳಿಗೆ ಧೈರ್ಯ ಹೇಳಿ. ಕ್ಯಾಲ್ಕ್‌ನಲ್ಲೂ ಎಕ್ಸೆಲ್‌ನಲ್ಲೂ ಮುಂದಿರುವ ಋಣ ಚಿಹ್ನೆ ಮೊದಲು ಅಂಟಿಕೊಳ್ಳುತ್ತದೆ, ವರ್ಗ ಆಮೇಲೆ. ಆದ್ದರಿಂದ =-2^2 ಎಂದರೆ (−2)ರ ವರ್ಗ, 4. ಪೈಥಾನ್, ಗ್ನುಪ್ಲಾಟ್‌ಗಳಲ್ಲಿ ವರ್ಗ ಮೊದಲು, ಉತ್ತರ −4. ಗಣಿತದ ಪುಸ್ತಕದ ಪದ್ಧತಿಯೂ ಅದೇ. ಕ್ಯಾಲ್ಕ್‌ನಲ್ಲಿ =-(ಎ2^2) ಎಂದು ಆವರಣ ಹಾಕಿ.

ಜತ್ತ ಸೀಮೆ

ಕವುಚಿತು! ಧನ್ಯವಾದ. ಸೈನ್ ನಕ್ಷೆಯೂ ಹೀಗೇ ಕೆಟ್ಟಿತ್ತು. 0, 10, 20 ಎಂದು 360ರವರೆಗೆ ಕೊಟ್ಟೆ. ಅಲೆ ಬರುವ ಬದಲು ಗರಗಸದ ಹಲ್ಲು ಬಂತು. 30ಕ್ಕೆ 0.5 ಇರಬೇಕಾದಲ್ಲಿ −0.988 ಇತ್ತು.

ಮುಳ್ಳೇರಿಯದ ಮಾಸ್ಟ್ರು

ಅದು ರೇಡಿಯನ್. 30 ಡಿಗ್ರಿ ಎಂದು ನೀವು ತಿಳಿದಿರಿ, 30 ರೇಡಿಯನ್ ಎಂದು ಅದು ತಿಳಿಯಿತು. ಒಂದು ರೇಡಿಯನ್ ಸುಮಾರು 57.3 ಡಿಗ್ರಿ. ನಿಮ್ಮ ಒಂದೊಂದು ಹೆಜ್ಜೆಯೂ ಒಂದೂವರೆ ಸುತ್ತಿಗಿಂತ ಹೆಚ್ಚು ಹಾರಿದೆ, ಗರಗಸ ಬಾರದೆ ಇರುತ್ತದೆಯೇ? ಕ್ಯಾಲ್ಕ್‌ನಲ್ಲಿ ಡಿಗ್ರಿಯನ್ನು ಬದಲಾಯಿಸಲು ರೇಡಿಯನ್ಸ್ ಎಂಬ ಸೂತ್ರ ಇದೆ, ಅದನ್ನು ಸೈನ್ ಒಳಗೆ ಇಡಿ. ಜಿಯೋಜೀಬ್ರಾದಲ್ಲಾದರೆ ಸಂಖ್ಯೆಯ ಹಿಂದೆ ಡಿಗ್ರಿಯ ಸೊನ್ನೆ ಹಾಕಿದರೆ ಸಾಕು.

ಉಪ್ಪಳ ನಿಲ್ದಾಣ

ಮಾಸ್ಟ್ರು ತಂತ್ರಾಂಶದ ಪರವಾಗಿ ಮಾತನಾಡಲು ಶುರು ಮಾಡಿದರು 🙂

ಮುಳ್ಳೇರಿಯದ ಮಾಸ್ಟ್ರು

ಸರಿಯಿದ್ದಲ್ಲಿ ಸರಿ ಎನ್ನುತ್ತೇನೆ. ಪಕ್ಷ ಯಾವುದೂ ಇಲ್ಲ.

ತಾಳವಾಡಿಯ ವಿದ್ಯಾರ್ಥಿನಿ

ಗರಗಸದ ಹಲ್ಲು ಎಂದಾಗ ನನಗೆ ಇನ್ನೊಂದು ನೆನಪಾಯಿತು. ಇದನ್ನು ಎಲ್ಲರೂ ಒಮ್ಮೆ ಮಾಡಿ ನೋಡಲೇಬೇಕು. ಪೈಥಾನ್‌ನಲ್ಲಿ ಲಿನ್‌ಸ್ಪೇಸ್ ಆಜ್ಞೆಗೆ (ನಂಪೈಯದು, ಸಮ ಅಂತರದ ಬಿಂದುಗಳನ್ನು ಕೊಡುತ್ತದೆ) 0ಯಿಂದ 2ಪೈವರೆಗೆ ಎಂದಷ್ಟೇ ಹೇಳಿ. ಎಷ್ಟು ಬಿಂದು ಎಂದು ಹೇಳದಿದ್ದರೆ ಅದು 50 ಬಿಂದು ಕೊಡುತ್ತದೆ. ಈಗ ಸೈನ್(50ಎಕ್ಸ್) ನಕ್ಷೆ ಬಿಡಿಸಿ. ಐವತ್ತು ಅಲೆ ಬರಬೇಕು ತಾನೇ? ಒಂದೇ ಅಲೆ ಬರುತ್ತದೆ, ಅಪ್ಪಟ ಸೈನ್(ಎಕ್ಸ್). ಒಂದರ ಮೇಲೆ ಒಂದು ಇಟ್ಟರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅದೇ ಹಾಳೆಯಲ್ಲಿ ಸೈನ್(49ಎಕ್ಸ್) ಕೂಡ ಕೊಟ್ಟರೆ ಸೊನ್ನೆಯ ಮೇಲೆ ನೇರ ಗೆರೆ.

ನಾನು ಇದನ್ನು ಮೊದಲು ನೋಡಿದಾಗ ಕಂಪ್ಯೂಟರ್ ಕೆಟ್ಟಿದೆ ಎಂದು ಪಕ್ಕದವಳ ಯಂತ್ರದಲ್ಲಿ ಹಾಕಿ ನೋಡಿದೆ. ಅಲ್ಲೂ ಅದೇ.

ಮುಳ್ಳೇರಿಯದ ಮಾಸ್ಟ್ರು

50 ಬಿಂದುಗಳ ನಡುವೆ 49 ಅಂತರ. ಒಂದು ಅಂತರ 2ಪೈ/49. ಅದರ 50 ಪಟ್ಟು ಎಂದರೆ 2ಪೈ ಕೂಡಿಸು 2ಪೈ/49. ಪೂರ್ಣ ಸುತ್ತು ಸೈನ್‌ಗೆ ಲೆಕ್ಕಕ್ಕಿಲ್ಲ, ಉಳಿದದ್ದು ಅದೇ 2ಪೈ/49. ಹೌದು, ಪ್ರತಿ ಬಿಂದುವಿನಲ್ಲೂ ಎರಡೂ ಸಮ. ಕಾಗದದ ಮೇಲೆ ಬರೆದು ನೋಡಿ, ಎರಡು ಸಾಲು ಸಾಕು.

ಬದಿಯಡ್ಕದ ತೋಟ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಗಣಿತ ನನ್ನ ವಿಷಯವಲ್ಲ, ಆದರೆ ಈಗ ಹೇಳಿದ್ದು ನನ್ನ ಕಣ್ಣ ಮುಂದೆ ಇದೆ. ಅಡಿಕೆ ತೋಟದ ಅಂಚಿನಲ್ಲಿ ನಡೆಯುತ್ತಾ ಹೋಗಿ. ಗಿಡ ನೆಟ್ಟದ್ದು ನೇರ ಸಾಲಿನಲ್ಲಿ. ಆದರೆ ಎರಡು ಹೆಜ್ಜೆ ಮುಂದೆ ಹೋದರೆ ಓರೆಯಾಗಿ ಒಂದು ಸಾಲು ತೆರೆದುಕೊಳ್ಳುತ್ತದೆ, ಇನ್ನೆರಡು ಹೆಜ್ಜೆಗೆ ಮತ್ತೊಂದು ಓರೆ. ಆ ಸಾಲುಗಳನ್ನು ಯಾರೂ ನೆಟ್ಟಿಲ್ಲ. ಮರಗಳು ಇರುವುದು ನಿಜ, ಅವನ್ನು ಕೂಡಿಸಿ ಸಾಲು ಮಾಡುವುದು ನಮ್ಮ ಕಣ್ಣು. ನಿಮ್ಮ ಐವತ್ತು ಬಿಂದುಗಳೂ ಹಾಗೆಯೇ ಅಲ್ಲವೇ?

ತಾಳವಾಡಿಯ ವಿದ್ಯಾರ್ಥಿನಿ

ಹೌದು ಅಣ್ಣ, ಹಾಗೆಯೇ! ತಂತ್ರಾಂಶ ಫಲನವನ್ನು ನೋಡುವುದಿಲ್ಲ, ಅಲ್ಲೊಂದು ಇಲ್ಲೊಂದು ಬಿಂದುವನ್ನು ನೋಡಿ ಗೆರೆ ಎಳೆಯುತ್ತದೆ. ನಡುವೆ ಏನಿದೆ ಎಂದು ಅದಕ್ಕೆ ಗೊತ್ತಿಲ್ಲ.

ಮಂಜೇಶ್ವರ ಹೊಳೆಬದಿ

ಟ್ಯಾನ್ ನಕ್ಷೆಯಲ್ಲಿ 90 ಡಿಗ್ರಿಯ ಹತ್ತಿರ ನೆಟ್ಟಗೆ ಕಂಬ ನಿಲ್ಲುವುದೂ ಇದಕ್ಕೇ. ಒಂದು ಬಿಂದು ಆಕಾಶದಲ್ಲಿ, ಮುಂದಿನದು ಪಾತಾಳದಲ್ಲಿ, ಎರಡಕ್ಕೂ ಗೆರೆ ಎಳೆದುಬಿಡುತ್ತದೆ. ಮಕ್ಕಳು ಆ ಕಂಬವನ್ನೂ ನಕ್ಷೆಯ ಭಾಗ ಎಂದು ತಿಳಿದು ನೋಟ್ ಪುಸ್ತಕದಲ್ಲಿ ಬಿಡಿಸುತ್ತಾರೆ, ನಾನೇ ತಿದ್ದಿದ್ದೇನೆ. ಪೈಥಾನ್‌ನಲ್ಲಿ ಬೆಲೆ ಬಹಳ ದೊಡ್ಡದಾದ ಬಿಂದುಗಳ ಜಾಗದಲ್ಲಿ 'ಸಂಖ್ಯೆಯಲ್ಲ' ಎಂಬ ಗುರುತು ತುಂಬಿಸಿದರೆ ಗೆರೆ ಅಲ್ಲಿ ತುಂಡಾಗುತ್ತದೆ.

ಪೈ/2 ಎಂದು ನೇರವಾಗಿ ಕೊಟ್ಟರೂ ಅನಂತ ಬರುವುದಿಲ್ಲ, 1.633 ಗುಣಿಸು 10ರ ಘಾತ 16 ಬರುತ್ತದೆ. ಯಂತ್ರದ ಪೈ ನಿಜವಾದ ಪೈಗಿಂತ ಒಂದು ಎಳ್ಳಿನಷ್ಟು ಕಡಿಮೆ, ಅದಕ್ಕೆ.

ಬದಿಯಡ್ಕದ ತೋಟ

ಹಾಗಾದರೆ ನನ್ನ ಮಳೆ ಲೆಕ್ಕದ ಗೊಂದಲವನ್ನೂ ಬಗೆಹರಿಸಿಕೊಡಿ. ಅಂಗಳದಲ್ಲಿ ಮಳೆಮಾಪಕ ಇಟ್ಟಿದ್ದೇನೆ. ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಪುಸ್ತಕದಲ್ಲಿ ಬರೆಯುತ್ತೇನೆ. ತಂದೆಯವರು ಹಾಕಿಕೊಟ್ಟ ಅಭ್ಯಾಸ, ಜ್ವರ ಬಂದ ದಿನವೂ ತಪ್ಪಿಸಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಣೆ ಯಾವಾಗ ಎಂದು ಗೊತ್ತುಮಾಡಲು ಮಳೆ ಬಿಡುವು ಕೊಟ್ಟ ದಿನಗಳು ನನಗೆ ಮುಖ್ಯ.

ಕ್ಯಾಲ್ಕ್‌ನಲ್ಲಿ ಹಾಕಿ, ಮೂಲೆಮೂಲೆಯಾಗಿ ಕಾಣುತ್ತದೆಂದು ನಯವಾದ ಗೆರೆ ಎಂಬ ಆಯ್ಕೆ ಒತ್ತಿದೆ. ನೋಡಲು ಚೆಂದವಾಯಿತು. ಆದರೆ ಭಾರೀ ಮಳೆಯ ಮರುದಿನ ಗೆರೆ ಸೊನ್ನೆಗಿಂತ ಕೆಳಗೆ ಇಳಿದಿದೆ. ಸೊನ್ನೆಗಿಂತ ಕಡಿಮೆ ಮಳೆ ಎಂದರೇನು?

ಕುಂಬಳೆ ಕಡಲು

ನಿಮ್ಮ ಅಳತೆ ಸರಿ, ನಯ ಮಾಡಿದ್ದೇ ತಪ್ಪು. ಬಿದಿರಿನ ಸೀಳನ್ನು ಗೂಟಗಳ ನಡುವೆ ಬಗ್ಗಿಸಿ ಕಟ್ಟಿದಂತೆ ಅದು ಗೆರೆಯನ್ನು ಬಗ್ಗಿಸುತ್ತದೆ. ಎತ್ತರದ ಗೂಟದಿಂದ ತಗ್ಗಿನ ಗೂಟಕ್ಕೆ ಒಮ್ಮೆಲೇ ಇಳಿಯಬೇಕಾದಾಗ ಹೊಟ್ಟೆ ಕೆಳಗೆ ಜೋಲುತ್ತದೆ. ಆ ಜೋಲುವಿಕೆಯೇ ನಿಮ್ಮ ಸೊನ್ನೆಗಿಂತ ಕಡಿಮೆ ಮಳೆ. ಮಳೆಗೆ ಗೆರೆಯೇ ಬೇಡ ಅಣ್ಣ, ಕಂಬದ ನಕ್ಷೆ ಹಾಕಿ. ದಿನಕ್ಕೊಂದು ಕಂಬ.

ಇನ್ನೊಂದು. ಮಳೆ ಬಾರದ ದಿನ 0 ಎಂದು ಬರೆದಿದ್ದೀರಾ, ಆ ಸಾಲನ್ನೇ ಬಿಟ್ಟಿದ್ದೀರಾ?

ಬದಿಯಡ್ಕದ ತೋಟ

ಪುಸ್ತಕದಲ್ಲಿ ಸೊನ್ನೆ ಇದೆ. ಕಂಪ್ಯೂಟರಿಗೆ ಹಾಕಿದ ಮಗ ಸೊನ್ನೆಯ ದಿನಗಳನ್ನು ಬಿಟ್ಟಿದ್ದಾನೆ, ಈಗ ನೋಡಿದೆ.

ಕುಂಬಳೆ ಕಡಲು

ಹಾಗಾದರೆ ನಿಮಗೆ ಬೇಕಾದ ಬಿಡುವಿನ ದಿನಗಳೇ ನಕ್ಷೆಯಿಂದ ಮಾಯವಾಗಿವೆ. ದಿನಾಂಕವನ್ನು ಕ್ಯಾಲ್ಕ್ ದಿನಾಂಕವೆಂದು ಗುರುತಿಸದಿದ್ದರೆ ಬರಿಯ ಗೆರೆಯ ನಕ್ಷೆಯಲ್ಲಿ ಕೆಳಗಿನದು ಬರೀ ಹೆಸರು, ಒಂದರ ಪಕ್ಕ ಒಂದನ್ನು ಸಮ ಅಂತರದಲ್ಲಿ ಕೂರಿಸುತ್ತದೆ. ಜುಲೈ 3 ಆದ ಮೇಲೆ ಜುಲೈ 9 ಬಂದರೂ ಒಂದೇ ಹೆಜ್ಜೆ. ಸಂಖ್ಯೆಗೆ ತಕ್ಕ ಅಂತರ ಬೇಕಿದ್ದರೆ ಎಕ್ಸ್ ವೈ ಎಂಬ ಬಗೆಯನ್ನೇ ಆರಿಸಬೇಕು. ಫಲನಗಳ ನಕ್ಷೆಗೂ ಅಷ್ಟೇ. ಜತ್ತದ ಅಣ್ಣನವರೂ ಇದನ್ನು ಗಮನಿಸಿ.

ಜತ್ತ ಸೀಮೆ

ಗಮನಿಸಿದೆ. ನಿಮ್ಮಲ್ಲಿ ಬರೀ ಜೂನ್ ತಿಂಗಳಲ್ಲಿ ಸುರಿಯುವುದು ನಮಗೆ ಇಡೀ ವರ್ಷದಲ್ಲೂ ಬರುವುದಿಲ್ಲ. ನಾನು ಬರೆದರೆ ಪುಸ್ತಕ ತುಂಬ ಸೊನ್ನೆಯೇ ಇರುತ್ತದೆ. ಆ ಸೊನ್ನೆಗಳನ್ನು ಬಿಟ್ಟರೆ ನಮ್ಮ ಸೀಮೆಯ ನಿಜ ಸ್ಥಿತಿ ಯಾರಿಗೂ ಕಾಣುವುದಿಲ್ಲ.

ಬದಿಯಡ್ಕದ ತೋಟ

ನಿಜ. ಇವತ್ತೇ ಎಲ್ಲ ಸೊನ್ನೆಗಳನ್ನೂ ತುಂಬಿಸುತ್ತೇನೆ.

ಮಂಜೇಶ್ವರ ಹೊಳೆಬದಿ

ಟೀಚರ್ ಕನ್ನಡ ಶೀರ್ಷಿಕೆ ಎಂದಿದ್ದರಲ್ಲ, ಅದು ಸರಿಯಾಗಿ ಬಂತೇ? ನನ್ನ ಪೈಥಾನ್ ನಕ್ಷೆಯಲ್ಲಿ ಕನ್ನಡದ ಜಾಗದಲ್ಲಿ ಸಾಲಾಗಿ ಖಾಲಿ ಚೌಕಗಳು. ಕನ್ನಡ ಫಾಂಟ್ ಹೆಸರು ಕೊಟ್ಟ ಮೇಲೆ ಅಕ್ಷರ ಬಂತು, ಒತ್ತಕ್ಷರ ಕೂಡಲಿಲ್ಲ. 'ಅಕ್ಷ' ಎಂದು ಬರೆದರೆ ಕ, ಅರ್ಧಚಂದ್ರ, ಷ ಎಂದು ಬಿಡಿಬಿಡಿಯಾಗಿ ನಿಂತಿತ್ತು. ಕೊನೆಗೆ ಎಸ್‌ವಿಜಿ ಕಡತವಾಗಿ, ಅಕ್ಷರಗಳನ್ನು ಅಕ್ಷರಗಳಾಗಿಯೇ ಉಳಿಸುವ ಆಯ್ಕೆ ಕೊಟ್ಟು, ಇಂಕ್‌ಸ್ಕೇಪ್‌ನಲ್ಲಿ ತೆರೆದೆ. ಅಲ್ಲಿ ಒತ್ತು ಕೂಡಿಕೊಂಡಿತು.

ಪೆರ್ಲದ ಟೀಚರ್

ಗ್ನುಪ್ಲಾಟ್‌ನಲ್ಲಿ ಚೆನ್ನಾಗಿ ಬಂತು. ಪಿಎನ್‌ಜಿ ಕೈರೋ ಎಂಬ ಬಗೆಯಲ್ಲಿ ಉಳಿಸಿ, ನೋಟೋ ಸಾನ್ಸ್ ಕನ್ನಡ ಫಾಂಟ್ ಕೊಟ್ಟೆ. 'ವರ್ಗಮೂಲ'ದ ಅರ್ಕಾವತ್ತು ಕೂಡ ತನ್ನ ಜಾಗದಲ್ಲೇ ಇದೆ.

ಮುಳ್ಳೇರಿಯದ ಮಾಸ್ಟ್ರು

ಶೀರ್ಷಿಕೆಯಲ್ಲಿ ಫಲನ ಎಂದು ಬರೆಯಿರಿ. ಕೆಲವರು ಉತ್ಪನ್ನ ಎನ್ನುತ್ತಾರೆ. ಮಕ್ಕಳಿಗೆ ಅದು ಕಾರ್ಖಾನೆಯ ಸರಕಿನಂತೆ ಕೇಳಿಸುತ್ತದೆ.

ಜತ್ತ ಸೀಮೆ

ಉತ್ಪನ್ನದಲ್ಲಿ ಏನು ತಪ್ಪು ಸರ್? ಒಂದನ್ನು ಹಾಕಿದರೆ ಇನ್ನೊಂದು ಹುಟ್ಟುತ್ತದೆ ಎಂಬ ಅರ್ಥ ಅದರಲ್ಲೇ ಇದೆ. ನಕ್ಷೆಗೆ ನಾವು ಆಲೇಖ ಎಂದೂ ಹೇಳುತ್ತೇವೆ, ಮರಾಠಿಯ ಬಳಕೆ.

ಮುಳ್ಳೇರಿಯದ ಮಾಸ್ಟ್ರು

ಆಲೇಖ ಒಳ್ಳೆಯ ಶಬ್ದ. ಉತ್ಪನ್ನವನ್ನು ಒಪ್ಪುವುದಿಲ್ಲ.

ಪೆರ್ಲದ ಟೀಚರ್

ಇವತ್ತಿನ ತರಗತಿಯ ವರದಿ. ಮೂರು ನಕ್ಷೆಗಳನ್ನೂ ಅನುಕ್ರಮವಾಗಿ ಗೋಡೆಯ ಮೇಲೆ ತೋರಿಸಿದೆ. ಮೊದಲು ಹಗ್ಗ, ಆಮೇಲೆ ಅರ್ಧ, ಕೊನೆಗೆ ಪೂರ್ಣ. ಅಡಿಕೆ ಹಂಚುವ ಲೆಕ್ಕ ಹೇಳಿದಾಗ ಇಡೀ ತರಗತಿ ಮಾತನಾಡಿತು. ಕನ್ನಡದಲ್ಲೇ ಮಾತನಾಡಿತು, ನಾನು ತಡೆಯಲಿಲ್ಲ.

ಆಗ ಹಿಂದಿನ ಬೆಂಚಿನ ಒಬ್ಬಳು ಎದ್ದು ನಿಂತಳು. ವರ್ಷದ ಆರಂಭದಿಂದ ಒಂದು ಪ್ರಶ್ನೆಯನ್ನೂ ಕೇಳಿರದ ಹುಡುಗಿ. 'ಟೀಚರ್, ಗೆರೆ ಎಲ್ಲ ಕಡೆ ಬಾಗಿದೆ, ಸೊನ್ನೆಯ ಹತ್ತಿರ ಮಾತ್ರ ಸ್ಕೇಲ್ ಇಟ್ಟು ಎಳೆದ ಹಾಗೆ ನೇರ ಇದೆ, ಯಾಕೆ?' ನಾನು ಹತ್ತಿರ ಹೋಗಿ ನೋಡಿದೆ. ಹೌದು, ನಟ್ಟನಡುವೆ ಒಂದು ಓರೆ ತುಂಡು ಕಡ್ಡಿಯಂತೆ ನೇರವಾಗಿದೆ. ಉತ್ತರ ಹುಡುಕಿ ನಾಳೆ ಹೇಳುತ್ತೇನೆ ಎಂದು ಬಂದಿದ್ದೇನೆ.

ತಾಳವಾಡಿಯ ವಿದ್ಯಾರ್ಥಿನಿ

ಅವಳ ಕಣ್ಣಿಗೆ ನಮಸ್ಕಾರ! ಗ್ನುಪ್ಲಾಟ್ ಏನೂ ಹೇಳದಿದ್ದರೆ −10ರಿಂದ 10ರವರೆಗೆ 100 ಬಿಂದು ಇಡುತ್ತದೆ. 99 ಅಂತರ, ಒಂದೊಂದೂ ಸುಮಾರು 0.202. ಬಿಂದುಗಳ ಸಂಖ್ಯೆ ಸಮವಾದ್ದರಿಂದ ಸೊನ್ನೆಯ ಮೇಲೆ ಬಿಂದುವೇ ಬೀಳುವುದಿಲ್ಲ. ಹತ್ತಿರದವು −0.101 ಮತ್ತು 0.101. ಅಲ್ಲಿ ಘನಮೂಲ −0.466 ಮತ್ತು 0.466. ಈ ಎರಡರ ನಡುವೆ ನೇರ ಗೆರೆ. ನಿಜವಾದ ನಕ್ಷೆ ಸೊನ್ನೆಯಲ್ಲಿ ನೆಟ್ಟಗೆ ನಿಲ್ಲಬೇಕು. ಸೆಟ್ ಸ್ಯಾಂಪಲ್ಸ್ 1001 ಎಂದು ಕೊಡಿ, ಬಹಳ ಸುಧಾರಿಸುತ್ತದೆ.

ಪೆರ್ಲದ ಟೀಚರ್

ಕೊಟ್ಟೆ. ಕಡ್ಡಿ ಚಿಕ್ಕದಾಯಿತು. ಆದರೆ ದೊಡ್ಡದು ಮಾಡಿ ನೋಡಿದರೆ ಇನ್ನೂ ಇದೆ.

ಕುಂಬಳೆ ಕಡಲು

ಇರುತ್ತದೆ. 1001 ಬಿಂದು ಇಟ್ಟರೂ ಸೊನ್ನೆಯ ಪಕ್ಕದ ಬಿಂದು 0.02, ಅಲ್ಲಿಯ ಬೆಲೆ 0.271. ಒಂದೇ ಹೆಜ್ಜೆಗೆ ಅಷ್ಟು ಏರುತ್ತದೆ. ಹತ್ತು ಸಾವಿರ ಇಡಿ.

ಮುಳ್ಳೇರಿಯದ ಮಾಸ್ಟ್ರು

ಹತ್ತು ಸಾವಿರ ಯಾಕೆ? ನಿನ್ನೆ ರಾತ್ರಿಯಿಂದ ಯೋಚಿಸುತ್ತಿದ್ದೇನೆ. ನಾವು ಘನಮೂಲವನ್ನು ಲೆಕ್ಕ ಮಾಡಲೇ ಬಾರದು. ವೈ ಎಂಬುದು ಎಕ್ಸ್‌ನ ಘನಮೂಲ ಎಂದರೆ ಎಕ್ಸ್ ಎಂಬುದು ವೈಯ ಘನ. ಎಕ್ಸ್ ಉದ್ದಕ್ಕೆ ಬಿಂದು ಇಡುವುದನ್ನು ಬಿಟ್ಟು ವೈ ಉದ್ದಕ್ಕೆ ಇಡಿ, ಪ್ರತಿಯೊಂದನ್ನೂ ಘನ ಮಾಡಿ ಎಕ್ಸ್ ತೆಗೆಯಿರಿ. ಭಾಗಾಕಾರವಿಲ್ಲ, ಹಾಗಾಗಿ ಸೊನ್ನೆಯ ಗಂಡಾಂತರವಿಲ್ಲ. ಮೂಲವಿಲ್ಲ, ಸಂಕೀರ್ಣ ಸಂಖ್ಯೆಯೂ ಬಾರದು. ಸೊನ್ನೆಯ ಹತ್ತಿರ ಎಕ್ಸ್ ನಿಧಾನಕ್ಕೆ ಬದಲಾಗುತ್ತದೆ, ಬಿಂದುಗಳು ಅಲ್ಲೇ ಒತ್ತಾಗಿ ಬೀಳುತ್ತವೆ, ಬೇಕಾದದ್ದೂ ಅಲ್ಲೇ. ನಿಮ್ಮ ತಂತ್ರಾಂಶಕ್ಕೆ ಹೀಗೆ ಹೇಳಲು ಬರುತ್ತದೆಯೇ?

ಕುಂಬಳೆ ಕಡಲು

ಬರುತ್ತದೆ ಮಾಸ್ಟ್ರೇ! ನಮಗೆ ಯಾರಿಗೂ ಹೊಳೆಯಲಿಲ್ಲ. ಸೆಟ್ ಪ್ಯಾರಾಮೆಟ್ರಿಕ್. ಸೆಟ್ ಟಿರೇಂಜ್ [−2.15:2.15]. ಆಮೇಲೆ ಪ್ಲಾಟ್ ಟಿ**3, ಟಿ (ಮೊದಲನೆಯದು ಎಕ್ಸ್, ಎರಡನೆಯದು ವೈ). 2.15ರ ಘನ 9.94, ಹಾಳೆಯ ಅಂಚಿನವರೆಗೂ ಹೋಗುತ್ತದೆ.

ಪೆರ್ಲದ ಟೀಚರ್

ಬಂತು. ಬರೀ 100 ಬಿಂದುಗಳಲ್ಲೇ ಬಂತು, ಸೊನ್ನೆಯಲ್ಲಿ ನೆಟ್ಟಗೆ ನಿಂತಿದೆ, ಕಡ್ಡಿ ಇಲ್ಲ.

ಬೆಳಿಗ್ಗೆ ಆ ಹುಡುಗಿಯನ್ನು ಕರೆದು ಘನದ ನಕ್ಷೆಯ ಚೌಕ ಹಾಳೆಯನ್ನು ಕೈಗೆ ಕೊಟ್ಟೆ. ಬಲಗಡೆ ಮೇಲಿನ ಮೂಲೆಯನ್ನೂ ಎಡಗಡೆ ಕೆಳಗಿನ ಮೂಲೆಯನ್ನೂ ಹಿಡಿದು ಮಗುಚಿ, ಕಿಟಕಿಯ ಬೆಳಕಿಗೆ ಹಿಡಿ ಎಂದೆ. ಹೊರಗೆ ಮಳೆ, ಬೆಳಕು ಮಂದವಾಗಿತ್ತು, ಗಾಜಿಗೆ ಒತ್ತಿ ಹಿಡಿದಳು. ಹಾಳೆಯ ಬೆನ್ನಿನಿಂದ ಘನಮೂಲ ಕಂಡಿತು. ಒಬ್ಬೊಬ್ಬರಾಗಿ ಎಲ್ಲರೂ ಬಂದು ನೋಡಿದರು. ಮಾಸ್ಟ್ರೇ, ಇದು ಮುಳ್ಳೇರಿಯದಿಂದ ಬಂದ ಉಪಾಯ ಎಂದು ಹೇಳಿದ್ದೇನೆ.

ಜತ್ತ ಸೀಮೆ

ಟೀಚರ್, ಆ ಹಾಳೆಯ ಕಡತ ಇಲ್ಲಿ ಹಾಕುತ್ತೀರಾ? ಮಗಳಿಗೆ ಬೇಕು.

ಪೆರ್ಲದ ಟೀಚರ್

ರಾತ್ರಿ ಕರೆಂಟ್ ಇದ್ದರೆ ಇವತ್ತೇ ಹಾಕುತ್ತೇನೆ. ಶೀರ್ಷಿಕೆಯಲ್ಲಿ ನಕ್ಷೆಯ ಪಕ್ಕ ಆಲೇಖ ಎಂದೂ ಸೇರಿಸಿದ್ದೇನೆ.